ಬೊವೇ ಪ್ರಧಾನಾಲಯ ಬಿದ್ದದ್ದು ಎತ್ತರದಿಂದಲ್ಲ

ಪ್ಯಾರಿಸ್‌ನಿಂದ ಉತ್ತರಕ್ಕೆ 75 ಕಿಲೋಮೀಟರ್ ಆಸುಪಾಸಿನಲ್ಲಿ ಬೊವೇ ಎಂಬ ಊರಿದೆ. ಅಲ್ಲಿಯ ಸಂತ ಪೇತ್ರರ ಪ್ರಧಾನಾಲಯದ (ಕೆಥೆಡ್ರಲ್) ಒಳಗೆ ನಿಂತು ತಲೆ ಎತ್ತಿದರೆ ಕಲ್ಲಿನ ಛಾವಣಿ ಸುಮಾರು 48 ಮೀಟರ್ ಮೇಲಿರುತ್ತದೆ. ಇಂದಿನ ಲೆಕ್ಕದಲ್ಲಿ 16 ಅಂತಸ್ತು, ನಡುವೆ ಒಂದೇ ಒಂದು ತಾರಸಿ ಇಲ್ಲದೆ. 12ನೇ ಶತಮಾನದಲ್ಲಿ ಪ್ಯಾರಿಸ್ ಸುತ್ತಮುತ್ತ ಹುಟ್ಟಿದ ಗಾಥಿಕ್ ಶೈಲಿಯ ಚರ್ಚುಗಳಲ್ಲಿ ಇದಕ್ಕಿಂತ ಎತ್ತರದ ಕಲ್ಲಿನ ಛಾವಣಿ ಇನ್ನೊಂದಿಲ್ಲ. ಆದರೆ ಹೊರಗೆ ಬಂದು ಪಶ್ಚಿಮದ ಕಡೆಗೆ ಸುತ್ತಿದರೆ ಕಟ್ಟಡ ಅಲ್ಲಿಗೇ ಕಡಿದು ಹೋಗಿರುವುದು ಕಾಣುತ್ತದೆ. ಇದು ಅರ್ಧ ಚರ್ಚು.

ಯುರೋಪಿನ ದೊಡ್ಡ ಚರ್ಚುಗಳ ತಳವಿನ್ಯಾಸ ಸಾಮಾನ್ಯವಾಗಿ ನೆಲದ ಮೇಲೆ ಮಲಗಿಸಿದ ಶಿಲುಬೆಯಂತಿರುತ್ತದೆ. ಪೂರ್ವದ ತುದಿಯಲ್ಲಿ ಬಲಿಪೀಠ ಮತ್ತು ಗುರುಗಳು ಕುಳಿತು ಹಾಡುವ ಭಾಗ. ಇದಕ್ಕೆ ಕ್ವಾಯರ್ ಎನ್ನುತ್ತಾರೆ. ಎರಡು ಪಕ್ಕಕ್ಕೆ ಚಾಚಿದ ತೋಳುಗಳು ಟ್ರಾನ್ಸೆಪ್ಟ್. ಪಶ್ಚಿಮಕ್ಕೆ ಉದ್ದವಾಗಿ ಚಾಚುವುದು ನೇವ್, ಅಂದರೆ ಜನ ಸೇರುವ ಸಭಾಂಗಣ. ಬೊವೇಯಲ್ಲಿ ಕ್ವಾಯರ್ ಇದೆ, ಟ್ರಾನ್ಸೆಪ್ಟ್ ಇದೆ, ನೇವ್ ಇಲ್ಲ. ಕಟ್ಟಿ ಕೆಡವಿದ್ದಲ್ಲ, ಕಟ್ಟಲು ಆಗಲೇ ಇಲ್ಲ.

ಈ ಚರ್ಚಿನ ಕಥೆ ಹೇಳುವವರು ಬಹುತೇಕ ಬೈಬಲಿನ ಬಾಬೆಲ್ ಗೋಪುರವನ್ನು ನೆನೆಯುತ್ತಾರೆ. ಮನುಷ್ಯ ಗರ್ವದಿಂದ ಆಕಾಶಕ್ಕೆ ಏಣಿ ಹಾಕಿದ, ದೇವರು ಕೆಡವಿದ ಎಂಬ ಧಾಟಿ. ಕೇಳಲು ಚೆನ್ನಾಗಿದೆ, ಆದರೆ ಕಟ್ಟಡದ ಮುಂದೆ ಈ ವಾದ ನಿಲ್ಲುವುದಿಲ್ಲ. ಬೊವೇಯಲ್ಲಿ ಎರಡು ಸಲ ದೊಡ್ಡ ಕುಸಿತವಾಯಿತು, ಒಮ್ಮೆ 1284ರಲ್ಲಿ, ಇನ್ನೊಮ್ಮೆ 1573ರಲ್ಲಿ. ಎರಡು ಸಲವೂ ಗುದ್ದಾಟ ನಡೆದದ್ದು ಮೇಲಿನಿಂದ ಕೆಳಕ್ಕೆ ಬರುವ ಭಾರದ ಜೊತೆಗಲ್ಲ, ಪಕ್ಕಕ್ಕೆ ತಳ್ಳುವ ಬಲದ ಜೊತೆಗೆ. ಈ ಒಂದು ಮಾತು ಮನಸ್ಸಿಗೆ ಹತ್ತಿದರೆ ಗಾಥಿಕ್ ಚರ್ಚುಗಳ ಅಂಗಾಂಗಗಳೆಲ್ಲ ಯಾಕೆ ಹಾಗಿವೆ ಎಂಬುದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಮೊದಲು ಕಲ್ಲಿನ ಗುಣ. ಕಲ್ಲನ್ನು ಅದುಮಿದರೆ ಅದು ಅಪಾರ ಭಾರ ತಾಳುತ್ತದೆ. ಎಳೆದರೆ ಅಥವಾ ಬಾಗಿಸಿದರೆ ಬೇಗ ಬಿರಿಯುತ್ತದೆ. ಸಾಧಾರಣ ಮರಳುಗಲ್ಲಿನಿಂದ ನೆಟ್ಟಗೆ ಒಂದು ಕಂಬ ಏರಿಸುತ್ತಾ ಹೋದರೆ, ತನ್ನದೇ ತೂಕಕ್ಕೆ ಅದರ ಬುಡ ಪುಡಿಯಾಗಬೇಕಾದರೆ ಕಂಬ ಹತ್ತಿರ ಹತ್ತಿರ ಎರಡು ಕಿಲೋಮೀಟರ್ ಎತ್ತರವಾಗಬೇಕು ಎಂಬ ಲೆಕ್ಕವನ್ನು ಕೇಂಬ್ರಿಜ್‌ನ ಎಂಜಿನಿಯರ್ ಜಾಕ್ ಹೇಮನ್ ಮಾಡಿ ತೋರಿಸಿದ್ದರು. ಅದರ ಮುಂದೆ 48 ಮೀಟರ್ ಏನೂ ಅಲ್ಲ. ಬೊವೇಯ ಕಂಬಗಳು ಭಾರಕ್ಕೆ ನುಜ್ಜುಗುಜ್ಜಾಗಿ ಬಿದ್ದವು ಎಂಬ ಊಹೆ ಇಲ್ಲಿಗೆ ಮುಗಿಯಿತು.

ಕಂಬದ ಮೇಲೆ ಅಡ್ಡ ತೊಲೆ ಇಟ್ಟರೆ ಭಾರ ನೆಟ್ಟಗೆ ಕೆಳಕ್ಕಿಳಿಯುತ್ತದೆ. ಆದರೆ ಕಲ್ಲಿನ ತೊಲೆ ಉದ್ದವಾದರೆ ನಡುವೆ ಸೀಳುತ್ತದೆ, ಹಾಗಾಗಿ ಕಂಬಗಳು ಹತ್ತಿರ ಹತ್ತಿರ ಇರಬೇಕಾಗುತ್ತದೆ. ಅಗಲವಾದ ಜಾಗಕ್ಕೆ ಕಲ್ಲಿನ ಸೂರು ಬೇಕೆಂದರೆ ಕಮಾನೇ ಗತಿ. ಕಮಾನಿನಲ್ಲಿ ಪ್ರತಿಯೊಂದು ಕಲ್ಲೂ ಪಕ್ಕದ ಕಲ್ಲನ್ನು ಅದುಮುತ್ತದೆ, ಯಾವುದೂ ಬಾಗುವುದಿಲ್ಲ. ಕಲ್ಲಿಗೆ ಒಗ್ಗುವ ಕೆಲಸ. ಇದಕ್ಕೆ ತೆರಬೇಕಾದ ಬೆಲೆ ಬುಡದಲ್ಲಿದೆ. ಇಬ್ಬರು ಎದುರುಬದುರು ನಿಂತು, ಅಂಗೈಗೆ ಅಂಗೈ ಕೊಟ್ಟು, ಕಾಲುಗಳನ್ನು ಹಿಂದಕ್ಕೆ ಸರಿಸಿ ಒಬ್ಬರ ಮೇಲೊಬ್ಬರು ವಾಲಿ ನಿಂತದ್ದನ್ನು ಊಹಿಸಿಕೊಳ್ಳಿ. ನೆಲ ನುಣುಪಾಗಿದ್ದರೆ ಇಬ್ಬರ ಕಾಲೂ ಹಿಂದಕ್ಕೆ ಜಾರುತ್ತದೆ. ಕಮಾನಿನ ಬುಡವೂ ಸದಾ ಹೊರಕ್ಕೆ ಜಾರಲು ನೋಡುತ್ತಿರುತ್ತದೆ, ಹಗಲೂ ರಾತ್ರಿ, ಶತಮಾನಗಟ್ಟಲೆ. ಅದನ್ನು ತಡೆಯಲು ಯಾರಾದರೂ ಹಿಂದೆ ಕಾಲು ಕೊಟ್ಟು ನಿಲ್ಲಲೇಬೇಕು.

11ನೇ ಶತಮಾನದವರೆಗಿನ ಕಟ್ಟುವವರಿಗೆ ಇದಕ್ಕೆ ಗೊತ್ತಿದ್ದ ಉಪಾಯ ದಪ್ಪ ಗೋಡೆ. ಗೋಡೆಯ ತೂಕದಿಂದಲೇ ಕಮಾನಿನ ತಳ್ಳಾಟವನ್ನು ಅಡಗಿಸುವುದು, ಕಿಟಕಿಗಳನ್ನು ಚಿಕ್ಕದಾಗಿ ಇಡುವುದು. ಒಳಗೆ ಸಹಜವಾಗಿಯೇ ಕತ್ತಲು. 12ನೇ ಶತಮಾನದಲ್ಲಿ ಪ್ಯಾರಿಸ್ ಸುತ್ತಮುತ್ತ ಈ ಲೆಕ್ಕ ಬದಲಾಯಿತು. ಸಾಂ ದೆನಿಯ ಮಠಾಧಿಪತಿ ಸ್ಯುಜೆ 1144ರಲ್ಲಿ ತನ್ನ ಚರ್ಚಿನ ಹೊಸ ಕ್ವಾಯರನ್ನು ಪ್ರತಿಷ್ಠಾಪಿಸಿದಾಗ ಅಲ್ಲಿ ಬಣ್ಣದ ಗಾಜಿನ ಬೆಳಕು ಹರಿದಿತ್ತು. ಬೆಳಕು ದೇವರ ಸಾನ್ನಿಧ್ಯ ಎಂದು ನಂಬಿದವರಿಗೆ ಗೋಡೆ ದಂಡ, ಕಿಟಕಿ ಬೇಕು. ಗೋಡೆ ತೆಗೆದರೆ ಕಮಾನನ್ನು ತಡೆಯುವವರು ಯಾರು?

ಉತ್ತರ ಮೂರು ತುಣುಕುಗಳಲ್ಲಿ ಬಂತು. ಅವುಗಳಲ್ಲಿ ಯಾವುದೂ ಹೊಚ್ಚ ಹೊಸದಲ್ಲ, ಕೂಡಿಸಿದ ರೀತಿ ಹೊಸದು. ಮೊದಲನೆಯದು ಮೊನಚು ಕಮಾನು. ಅರ್ಧವೃತ್ತದ ಕಮಾನಿಗಿಂತ ಇದು ಕಡಿದಾಗಿ ನಿಲ್ಲುವುದರಿಂದ ಬುಡವನ್ನು ಹೊರಕ್ಕೆ ತಳ್ಳುವ ಬಲ ಕಡಿಮೆ. ಇನ್ನೊಂದು ಅನುಕೂಲವೂ ಇದೆ: ಅಗಲ ಎಷ್ಟೇ ಇರಲಿ, ಮೊನೆಯನ್ನು ಬೇಕಾದ ಎತ್ತರಕ್ಕೆ ಹೊಂದಿಸಬಹುದು. ಎರಡನೆಯದು ಛಾವಣಿಯ ಕೆಳಗೆ ಪಕ್ಕೆಲುಬಿನಂತೆ ಹಾಯುವ ಕಲ್ಲಿನ ಪಟ್ಟಿಗಳು. ಮೊದಲು ಮರದ ಸೆಂಟ್ರಿಂಗ್ ಮೇಲೆ ಪಟ್ಟಿಗಳನ್ನು ಮಾತ್ರ ಕಟ್ಟಿ, ನಡುವಿನ ಜಾಗವನ್ನು ತೆಳು ಕಲ್ಲುಗಳಿಂದ ತುಂಬಬಹುದು. ಮರ ಉಳಿಯುತ್ತದೆ, ಕೆಲಸ ಸುಲಭವಾಗುತ್ತದೆ, ಭಾರ ಗೋಡೆಯ ಉದ್ದಕ್ಕೂ ಹರಡದೆ ನಾಲ್ಕು ಮೂಲೆಗಳಲ್ಲಿ ಬಂದು ಇಳಿಯುತ್ತದೆ. ಕಟ್ಟಿ ಮುಗಿದ ಮೇಲೆ ಪಕ್ಕೆಲುಬುಗಳು ನಿಜವಾಗಿ ಎಷ್ಟು ಭಾರ ಹೊರುತ್ತವೆ ಎಂಬುದರ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಎರಡನೇ ಮಹಾಯುದ್ಧದ ಬಾಂಬ್ ದಾಳಿಗಳಲ್ಲಿ ಪಕ್ಕೆಲುಬು ಉದುರಿಯೂ ಛಾವಣಿ ನಿಂತ ಉದಾಹರಣೆಗಳಿವೆ.

ಮೂರನೆಯದು ಫ್ಲೈಯಿಂಗ್ ಬಟ್ರೆಸ್. ಇದನ್ನು ಆಸರೆ ಕಮಾನು ಎಂದು ಕರೆಯೋಣ. ಭಾರ ಮೂಲೆಗಳಿಗೆ ಬಂದ ಮೇಲೆ ಇಡೀ ಗೋಡೆಯನ್ನು ದಪ್ಪ ಮಾಡುವ ಅಗತ್ಯವಿಲ್ಲ. ಆಯಾ ಮೂಲೆಗೆ ಮಾತ್ರ ಹೊರಗಿನಿಂದ ಒಂದು ಕೈ ಕೊಟ್ಟರೆ ಸಾಕು. ಮುಖ್ಯ ಭಾಗದ ಪಕ್ಕದಲ್ಲಿ ತಗ್ಗಾದ ಓಣಿಗಳಿರುತ್ತವೆ. ಅವುಗಳ ಛಾವಣಿಯನ್ನು ದಾಟಿ, ಹೊರಗಿನ ದೊಡ್ಡ ಕಲ್ಲಿನ ಕಟ್ಟೆಯಿಂದ ಒಂದು ಅರ್ಧ ಕಮಾನು ಗಾಳಿಯಲ್ಲಿ ಚಾಚಿ ಬಂದು ಎತ್ತರದ ಗೋಡೆಯನ್ನು ಆನಿಸುತ್ತದೆ. ಒಳಗಿನ ಛಾವಣಿಯ ತಳ್ಳು ಈ ಅರ್ಧ ಕಮಾನಿನ ಒಳಗೆ ಹಾದು, ಹೊರಗಿನ ಕಟ್ಟೆಗೆ ತಲುಪಿ, ಅಲ್ಲಿಂದ ನೆಲ ಸೇರುತ್ತದೆ. ಕಟ್ಟೆಯ ತಲೆಯ ಮೇಲೆ ಕೂರಿಸಿದ ಮೊನಚಾದ ಪುಟ್ಟ ಶಿಖರಕ್ಕೂ ಕೆಲಸವಿದೆ: ಅದರ ತೂಕ ಮೇಲಿನ ಕಲ್ಲುಗಳನ್ನು ಬಿಗಿಯಾಗಿ ಒತ್ತಿ ಹಿಡಿದು, ಪಕ್ಕಕ್ಕೆ ಬಂದ ತಳ್ಳನ್ನು ಕೆಳಮುಖ ಮಾಡಲು ನೆರವಾಗುತ್ತದೆ. ಹೀಗೆ ಕಟ್ಟಡದ ಎಲುಬು ಹೊರಗೆ ಬಂತು, ಒಳಗೆ ಗೋಡೆಯಿದ್ದ ಕಡೆ ಗಾಜು ಕೂತಿತು.

ಈ ಕೂಡಿಕೆ ಕೈಗೆ ಹತ್ತಿದ ಮೇಲೆ ಎತ್ತರ ಏರುತ್ತಲೇ ಹೋಯಿತು. ಪ್ಯಾರಿಸ್‌ನ ನೋತ್ರ್ ದಾಮ್‌ನ ಛಾವಣಿ ಸುಮಾರು 33 ಮೀಟರ್, ಶಾರ್ತ್ರ್ 37, ರೀಮ್ಸ್ 38, ಅಮಿಯಾಂ 42. ಅಮಿಯಾಂ ಮತ್ತು ಬೊವೇ ನೆರೆಯ ಊರುಗಳು, ಕೆಲಸ ಶುರುವಾದದ್ದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, 1220ರ ದಶಕದಲ್ಲಿ.

ಬೊವೇಯಲ್ಲಿ 1225ರಲ್ಲಿ ಬೆಂಕಿ ಬಿದ್ದು ಹಳೆಯ ಚರ್ಚು ಹಾಳಾಯಿತು. ಆಗಿನ ಧರ್ಮಾಧ್ಯಕ್ಷ (ಬಿಷಪ್) ಮಿಲೊನ್ ದ ನಾಂತೆಯ್ ಸಾಮಾನ್ಯ ಗುರುವಲ್ಲ. ಬೊವೇಯ ಧರ್ಮಾಧ್ಯಕ್ಷರು ಆ ಸೀಮೆಯ ಕೌಂಟ್, ಅಂದರೆ ಸಾಮಂತ ಒಡೆಯ, ಕೂಡ ಆಗಿರುತ್ತಿದ್ದರು, ಫ್ರಾನ್ಸಿನ ದೊರೆಯ ಆಸ್ಥಾನದಲ್ಲಿ ಮೇಲ್ಪಂಕ್ತಿಯವರು. ಊರು ಉಣ್ಣೆಯ ಬಟ್ಟೆಯ ವ್ಯಾಪಾರದಿಂದ ದುಡ್ಡು ಕಂಡಿತ್ತು. ಧರ್ಮಾಧ್ಯಕ್ಷರೂ ಚರ್ಚಿನ ಗುರುಮಂಡಳಿಯೂ ತಮ್ಮ ಆದಾಯದ ಹತ್ತರಲ್ಲೊಂದು ಪಾಲನ್ನು ಹತ್ತು ವರ್ಷ ಈ ಕೆಲಸಕ್ಕೆ ಮೀಸಲಿಟ್ಟರು. ಆದರೆ 1230ರ ದಶಕದಲ್ಲಿ ಊರಿನ ಆಡಳಿತದ ಹಕ್ಕಿನ ವಿಷಯದಲ್ಲಿ ಧರ್ಮಾಧ್ಯಕ್ಷರಿಗೂ ದೊರೆ ಒಂಬತ್ತನೇ ಲೂಯಿಗೂ ಜಟಾಪಟಿಯಾಯಿತು. ಹಣ, ಮನಸ್ಸು ಎರಡೂ ಅತ್ತ ಹೋದವು. ಅಂತೂ ಕ್ವಾಯರ್ ಬಳಕೆಗೆ ಬಂದದ್ದು 1272ರಲ್ಲಿ. ನಡುವಿನ 47 ವರ್ಷಗಳಲ್ಲಿ ಕೆಲಸದ ಮೇಸ್ತ್ರಿಗಳು ಬದಲಾದರು. ಅವರಲ್ಲಿ ಒಬ್ಬರ ಹೆಸರೂ ನಮಗೆ ಉಳಿದಿಲ್ಲ ಎಂಬುದು ನನಗೆ ಈ ಕಥೆಯಲ್ಲಿ ಕುಸಿತಕ್ಕಿಂತ ಹೆಚ್ಚು ಬೇಸರ ತರುವ ಸಂಗತಿ.

ಹನ್ನೆರಡು ವರ್ಷ ಚರ್ಚು ನಿಂತಿತು. 1284ರ ನವೆಂಬರ್ 29ರ ರಾತ್ರಿ ಕ್ವಾಯರಿನ ಛಾವಣಿ ಕುಸಿಯಿತು. ಹೊರಗಿನ ಆಸರೆ ಕಟ್ಟೆಗಳಲ್ಲಿ ಕೆಲವು ಮುರಿದವು, ದೊಡ್ಡ ಕಿಟಕಿಗಳು ಒಡೆದವು. ಸುಮಾರು 40 ವರ್ಷ ಅಲ್ಲಿ ಪೂಜೆ ನಡೆಯಲಿಲ್ಲ ಎಂದು ಹಳೆಯ ಬರಹ ಹೇಳುತ್ತದೆ.

ಯಾಕೆ ಬಿತ್ತು? ಹನ್ನೆರಡು ವರ್ಷ ನಿಂತು ಆಮೇಲೆ ಬಿದ್ದದ್ದೇ ಇಲ್ಲಿ ಮುಖ್ಯ ಸುಳಿವು. ಲೆಕ್ಕ ಪೂರ್ತಿ ತಪ್ಪಿದ್ದರೆ ಸೆಂಟ್ರಿಂಗ್ ಬಿಚ್ಚಿದ ದಿನವೇ ಬೀಳಬೇಕಿತ್ತು. ನಿಧಾನವಾಗಿ ಏನೋ ಜರುಗಿರಬೇಕು. 19ನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಹುಡುಕಿದ ಉತ್ತರ ಗಾರೆಯಲ್ಲಿತ್ತು. ಆ ಕಾಲದ ಸುಣ್ಣದ ಗಾರೆ ಗಟ್ಟಿಯಾಗಲು ವರ್ಷಗಳೇ ಹಿಡಿಯುತ್ತವೆ, ಆ ಹೊತ್ತಿನಲ್ಲಿ ಅದು ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ. ಬೊವೇಯ ದೊಡ್ಡ ಕಂಬಗಳು ಹಲವು ವರಸೆ ಕಲ್ಲುಗಳಿಂದ ಕಟ್ಟಿದವು; ಪ್ರತಿ ವರಸೆಯ ನಡುವೆಯೂ ಗಾರೆ ಇರುವುದರಿಂದ ಇಡೀ ಕಂಬ ಒಂದಿಷ್ಟು ಕುಸಿಯುತ್ತದೆ. ಆದರೆ ಮೇಲ್ಭಾಗದಲ್ಲಿ ಕಂಬದ ಹೊರಮೈಗೆ ನಿಲ್ಲಿಸಿದ್ದ ಜೋಡಿ ತೆಳುಗಂಬಗಳು ಇಡಿಯಾದ ಉದ್ದ ಕಲ್ಲುಗಳು. ಅವುಗಳಲ್ಲಿ ಗಾರೆಯ ಸಂದುಗಳಿಲ್ಲ, ಅವು ಕುಗ್ಗುವುದಿಲ್ಲ. ದಪ್ಪ ಕಂಬ ಕೆಳಗೆ ಜಾರುತ್ತಾ ಹೋದಂತೆ ಅದರ ಪಾಲಿನ ಭಾರವೂ ಈ ಸಣ್ಣ ಕಂಬಗಳ ತಲೆಗೆ ಬಂತು. ಅವು ಸೀಳಿದಾಗ ಅವುಗಳ ಮೇಲೆ ಕೂತಿದ್ದ ಕಲ್ಲು ವಾಲಿತು, ಆಸರೆ ಕಮಾನಿನ ತುದಿ ಆನಿಸಿದ್ದ ಜಾಗವೇ ಸಡಿಲವಾಯಿತು. ಆನಿಕೆ ತಪ್ಪಿದ ಮೇಲೆ ಛಾವಣಿ ನಿಲ್ಲುವ ಮಾತೆಲ್ಲಿ?

ಹೇಮನ್ 1960ರ ದಶಕದಲ್ಲಿ ಈ ವಾದವನ್ನು ಗಂಭೀರವಾಗಿ ತೆಗೆದುಕೊಂಡು ಮುಂದುವರಿಸಿದರು. 1970ರ ದಶಕದಲ್ಲಿ ಅಮೆರಿಕದ ರಾಬರ್ಟ್ ಮಾರ್ಕ್ ಮತ್ತು ಅವರ ಸಹೋದ್ಯೋಗಿ ಬೇರೆ ದಾರಿ ಹಿಡಿದರು. ಚರ್ಚಿನ ಅಡ್ಡಸೀಳಿನ ಪುಟ್ಟ ಪ್ರತಿಕೃತಿಯನ್ನು ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಕತ್ತರಿಸಿ, ಅದನ್ನು ಬಿಸಿ ಮಾಡಿ, ಗಾಳಿಯ ಮತ್ತು ತೂಕದ ಲೆಕ್ಕಕ್ಕೆ ಸರಿಯಾಗಿ ಭಾರ ತೂಗುಹಾಕಿ, ತಣಿಯಲು ಬಿಟ್ಟರು. ತಣಿದ ಪ್ಲಾಸ್ಟಿಕ್ ಆ ಒತ್ತಡವನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಧ್ರುವೀಕೃತ ಬೆಳಕಿನಲ್ಲಿ ನೋಡಿದರೆ ಒತ್ತಡ ಹೆಚ್ಚಿರುವಲ್ಲಿ ಬಣ್ಣದ ಗೆರೆಗಳು ಒತ್ತೊತ್ತಾಗಿ ಕಾಣುತ್ತವೆ. ಅವರ ಕಣ್ಣು ಬಿದ್ದದ್ದು ಹೊರಗಿನ ಮತ್ತು ಒಳಗಿನ ಕಂಬಗಳ ನಡುವೆ ನಿಂತ ಮಧ್ಯದ ಆಸರೆ ಕಂಬದ ಮೇಲೆ. ಬೊವೇಯಲ್ಲಿ ಈ ಮಧ್ಯದ ಕಂಬ ತನ್ನ ಕೆಳಗಿನ ಕಂಬದ ಮೇಲೆ ನೇರವಾಗಿ ಕೂತಿಲ್ಲ, ಒಂದಿಷ್ಟು ಒಳಕ್ಕೆ ಚಾಚಿಕೊಂಡಿದೆ. ಬಿರುಗಾಳಿ ಬಂದಾಗಲೆಲ್ಲ ಅಲ್ಲಿ ಕಲ್ಲಿಗೆ ಆಗದ ಎಳೆತ ಹುಟ್ಟಿ ಸಣ್ಣ ಬಿರುಕುಗಳು ಬಿಟ್ಟಿರಬೇಕು ಎಂದರು ಅವರು. ಗಾಳಿಯ ಹೊಡೆತಕ್ಕೆ ಒಡ್ಡಿದ ಮೈ ಎತ್ತರದ ಜೊತೆ ಹೆಚ್ಚುವುದು ನಿಜ. ಹಾಗಾಗಿ ಎತ್ತರ ಪೂರ್ತಿ ನಿರಪರಾಧಿ ಎಂದು ನಾನು ವಾದಿಸುವುದಿಲ್ಲ. ಆದರೆ ಆ ಕಂಬವನ್ನು ನೇರಕ್ಕೆ ಇಟ್ಟಿದ್ದರೆ ಇದೇ ಎತ್ತರದಲ್ಲಿ ಚರ್ಚು ನಿಂತಿರುತ್ತಿತ್ತು ಎಂದು ನಂಬಲು ಒಳ್ಳೆಯ ಕಾರಣವಿದೆ: ದುರಸ್ತಿಯಾದ ಮೇಲೆ ಅದೇ 48 ಮೀಟರ್ ಎತ್ತರದ ಛಾವಣಿ ಇವತ್ತಿಗೂ ನಿಂತಿದೆ.

ಆ ದುರಸ್ತಿಯನ್ನು ಒಳಗೆ ಹೋದವರು ಬರಿಗಣ್ಣಲ್ಲೇ ನೋಡಬಹುದು. ಮೊದಲ ವಿನ್ಯಾಸದಲ್ಲಿ ಕಂಬಗಳ ನಡುವೆ ಅಗಲವಾದ ಅಂತರವಿತ್ತು. 14ನೇ ಶತಮಾನದಲ್ಲಿ ಪ್ರತಿ ಎರಡು ಕಂಬಗಳ ನಡುವೆ ಇನ್ನೊಂದು ಕಂಬವನ್ನು ತೂರಿಸಿದರು. ಮೂರು ಅಂಕಣಗಳು ಆರಾದವು. ಕೆಳಗಿನ ಕಮಾನುಗಳು ಆದ್ದರಿಂದಲೇ ಅಸಹಜವೆನಿಸುವಷ್ಟು ಇಕ್ಕಟ್ಟು ಮತ್ತು ಚೂಪು. ತಲೆ ಎತ್ತಿ ನೋಡಿದರೆ ಛಾವಣಿಯ ಪ್ರತಿ ಚೌಕ ನಾಲ್ಕರ ಬದಲು ಆರು ಹೋಳಾಗಿದೆ. ಆ ಹೊತ್ತಿಗೆ ಆರು ಹೋಳಿನ ಛಾವಣಿ ನೂರು ವರ್ಷ ಹಳೆಯ ಫ್ಯಾಷನ್. ಮೇಸ್ತ್ರಿಗಳಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ನಡುವೆ ಬಂದ ಹೊಸ ಕಂಬಕ್ಕೂ ಮೇಲೊಂದು ಪಕ್ಕೆಲುಬು ಬೇಕಿತ್ತು. ಇಷ್ಟಾದರೂ ಒಳಗೆ ನಿಂತವರಿಗೆ ಇದೊಂದು ತೇಪೆ ಹಾಕಿದ ಕಟ್ಟಡ ಎನಿಸುವುದಿಲ್ಲ. ಒತ್ತೊತ್ತಾದ ಕಂಬಗಳಿಂದಾಗಿ ಎತ್ತರ ಇನ್ನೂ ಹೆಚ್ಚು ಎನಿಸುತ್ತದೆ.

ದುರಸ್ತಿ ಮುಗಿಯುವ ಹೊತ್ತಿಗೆ ಇಂಗ್ಲೆಂಡ್ ಜೊತೆಗಿನ ನೂರು ವರ್ಷಗಳ ಯುದ್ಧ, ಅದರ ಬೆನ್ನಿಗೆ ಪ್ಲೇಗು. ಕಟ್ಟಡ ಅಲ್ಲಿಗೇ ನಿಂತಿತು. ಮತ್ತೆ ಕಲ್ಲು ಏರಿದ್ದು 1500ರಲ್ಲಿ, ಮಾರ್ಟಿನ್ ಶಾಂಬಿಜ್ ಎಂಬ ಹೆಸರಾಂತ ಸ್ಥಪತಿಯ ಕೈಯಲ್ಲಿ. ಟ್ರಾನ್ಸೆಪ್ಟಿನ ಎರಡು ತೋಳುಗಳು 1548ರ ಸುಮಾರಿಗೆ ಮುಗಿದವು. ಇನ್ನು ಉಳಿದದ್ದು ನೇವ್. ಗುರುಮಂಡಳಿ ನೇವ್ ಕಟ್ಟುವ ಮೊದಲು, ತೋಳುಗಳು ಕೂಡುವ ನಡುಭಾಗದ ಮೇಲೆ ಗೋಪುರ ಕಟ್ಟಲು ನಿರ್ಧರಿಸಿತು.

ಇಡೀ ಕಥೆಯಲ್ಲಿ ನಿಜವಾಗಿ ಬೈಯಬೇಕಾದ ನಿರ್ಧಾರ ಯಾವುದಾದರೂ ಇದ್ದರೆ ಅದು ಇದು. ನಡುಭಾಗದ ನಾಲ್ಕು ಮೂಲೆಗಳಲ್ಲಿ ನಾಲ್ಕು ದೈತ್ಯ ಕಂಬಗಳಿವೆ. ಪೂರ್ವಕ್ಕೆ ಕ್ವಾಯರ್ ಆನಿಕೊಂಡಿದೆ, ಉತ್ತರ ದಕ್ಷಿಣಕ್ಕೆ ತೋಳುಗಳು. ಪಶ್ಚಿಮಕ್ಕೆ ಏನೂ ಇಲ್ಲ, ಯಾಕೆಂದರೆ ನೇವ್ ಇಲ್ಲ. ಅಂದರೆ ಪಶ್ಚಿಮದ ಎರಡು ಕಂಬಗಳಿಗೆ ಮೂರು ಕಡೆಯ ತಳ್ಳು ಬರುತ್ತದೆ, ನಾಲ್ಕನೆಯ ಕಡೆ ತಡೆಯುವವರು ಯಾರೂ ಇಲ್ಲ. ಅಂಥ ನೆಲೆಯ ಮೇಲೆ ಝಾನ್ ವಾಸ್ತ್ ಎಂಬ ಮೇಸ್ತ್ರಿಯ ಮೇಲ್ವಿಚಾರಣೆಯಲ್ಲಿ ಕಲ್ಲಿನ ಅಂತಸ್ತುಗಳು, ಅವುಗಳ ಮೇಲೆ ಮರದ ಶಿಖರ, ತುದಿಯಲ್ಲಿ ಕಬ್ಬಿಣದ ಶಿಲುಬೆ ಏರಿದವು. 1569ರಲ್ಲಿ ಮುಗಿದಾಗ ಎತ್ತರ ಸುಮಾರು 153 ಮೀಟರ್. ಇಂಗ್ಲೆಂಡಿನ ಲಿಂಕನ್ ಚರ್ಚಿನ ಶಿಖರ 1548ರಲ್ಲಿ ಬಿದ್ದಿತ್ತು. ಅದರ ನಂತರ ಯುರೋಪಿನಲ್ಲಿ ಈ ಗೋಪುರವನ್ನು ಮೀರಿಸುವ ಕಟ್ಟಡ ಬೇರೆ ಇರಲಿಲ್ಲವೆಂದೇ ಸಾಮಾನ್ಯವಾಗಿ ಲೆಕ್ಕ.

ಎರಡೇ ವರ್ಷದಲ್ಲಿ ಕಂಬಗಳು ವಾಲತೊಡಗಿದವು. 1571ರಲ್ಲಿ ದೊರೆಯ ಮೇಸ್ತ್ರಿಗಳು ಪ್ಯಾರಿಸ್‌ನಿಂದ ಬಂದು ಪರೀಕ್ಷಿಸಿದರು. ವಾಲಿಕೆ ಖಾಲಿ ಬಿಟ್ಟ ನೇವ್‌ನ ಕಡೆಗೇ ಇತ್ತು. ಆ ಕಡೆ ಕಟ್ಟಡ ಎಬ್ಬಿಸಿ ಆನಿಕೆ ಕೊಡಿ ಎಂದು ಅವರು ಹೇಳಿ ಹೋದರು. ಗುರುಮಂಡಳಿ ಚರ್ಚೆ ಮಾಡಿತು, ಮತ್ತೆ ಚರ್ಚೆ ಮಾಡಿತು. ಕೆಲಸ ಶುರುವಾದದ್ದು 1573ರ ಏಪ್ರಿಲ್‌ನಲ್ಲಿ. ಅದೇ ಏಪ್ರಿಲ್ 30, ಗುರುವಾರ, ಯೇಸುವಿನ ಸ್ವರ್ಗಾರೋಹಣದ ಹಬ್ಬ. ಭಕ್ತರು ಮೆರವಣಿಗೆಯಲ್ಲಿ ಚರ್ಚಿನಿಂದ ಹೊರಬಿದ್ದು ಸ್ವಲ್ಪ ಹೊತ್ತಾಗಿತ್ತು. ಗೋಪುರ ಕುಸಿದು ಬಿತ್ತು. ಜೀವಹಾನಿಯಾಗಲಿಲ್ಲ. ಗೋಪುರ ನಿಂತದ್ದು ನಾಲ್ಕೇ ವರ್ಷ.

ಮುರಿದ ಛಾವಣಿಯನ್ನು ಮತ್ತೆ ಕಟ್ಟುವಷ್ಟರಲ್ಲಿ ಬೊಕ್ಕಸ ಬರಿದಾಯಿತು. ನೇವ್‌ನ ಒಂದು ಅಂಕಣ ಶುರು ಮಾಡಿ ಕೈಬಿಟ್ಟರು. 1600ರ ಸುಮಾರಿಗೆ ಪಶ್ಚಿಮಕ್ಕೆ ಗೋಡೆ ಎಬ್ಬಿಸಿ ಬಾಯಿ ಮುಚ್ಚಿದರು. ಇದರಿಂದ ಲಾಭವಾದದ್ದು ಒಂದಕ್ಕೆ ಮಾತ್ರ. ನೇವ್ ಬರಬೇಕಿದ್ದ ಜಾಗದಲ್ಲಿ 10ನೇ ಶತಮಾನದ ಹಳೆಯ ಚರ್ಚಿನ ಒಂದು ಭಾಗ ಇತ್ತು; ಹೊಸ ಕಟ್ಟಡ ಮುಂದುವರಿದಂತೆ ಅದನ್ನು ಕೆಡವುವುದು ಎಂಬ ಯೋಜನೆ. ಹೊಸದು ಬರಲಿಲ್ಲ, ಹಳೆಯದು ಉಳಿಯಿತು. ಬಾಸ್ ಅವ್ರ್ ಎಂದು ಕರೆಯುವ ಈ ತಗ್ಗು ಕಟ್ಟಡಕ್ಕೆ ಸಾದಾ ಗೋಡೆ, ಸಣ್ಣ ಸಣ್ಣ ಚೌಕ ಕಲ್ಲು, ಮೇಲೆ ಮರದ ಮಾಡು. ಕಲ್ಲಿನ ಛಾವಣಿಯೇ ಇಲ್ಲದ ಕಾರಣ ಪಕ್ಕದ ತಳ್ಳಿನ ರಗಳೆಯೂ ಇಲ್ಲ. ಆ ಕಾಲದ ಚರ್ಚುಗಳು ಫ್ರಾನ್ಸಿನಲ್ಲಿ ಬಹಳ ಅಪರೂಪ, ಆದ್ದರಿಂದ ಕಟ್ಟಡ ಚರಿತ್ರೆಯವರಿಗೆ ಇದು ಪಕ್ಕದ ದೈತ್ಯನಷ್ಟೇ ಮುಖ್ಯ.

ಮುಂದಿನ ಆಪತ್ತುಗಳು ಹೊರಗಿನಿಂದ ಬಂದವು. 1940ರ ಜೂನ್‌ನಲ್ಲಿ ಜರ್ಮನ್ ಬಾಂಬ್‌ಗಳಿಗೆ ಊರಿನ ಹಳೆಯ ಪೇಟೆ ಸುಟ್ಟುಹೋಯಿತು, ಚರ್ಚು ಉಳಿಯಿತು. ಆದರೆ ಅದಕ್ಕೆ ಶಾಂತಿಕಾಲದಲ್ಲಿ ಒಂದು ಪರೀಕ್ಷೆ ಕಾದಿತ್ತು. ಕ್ವಾಯರಿನ ಆಸರೆ ಕಟ್ಟೆಗಳನ್ನು ಒಂದಕ್ಕೊಂದು ಬಿಗಿಯುವ ಕಬ್ಬಿಣದ ಸರಳುಗಳಿದ್ದವು. ಇವು ನಂತರದವರು ಸಿಕ್ಕಿಸಿದ ಅಂದಗೆಡುಕ ಜೋಡಣೆ, ಇಲ್ಲದೆಯೂ ಕಟ್ಟಡ ನಿಲ್ಲುತ್ತದೆ ಎಂದು ತೀರ್ಮಾನಿಸಿ 20ನೇ ಶತಮಾನದ ಉತ್ತರಾರ್ಧದಲ್ಲಿ ಕೆಲವನ್ನು ತೆಗೆಸಿದರು. ಗಾಳಿ ಬೀಸಿದಾಗ ಕಟ್ಟೆಗಳು ಓಲಾಡತೊಡಗಿದವು. ಅವಸರದಲ್ಲಿ ಉಕ್ಕಿನ ಸರಳುಗಳನ್ನು ಹಾಕಲಾಯಿತು. ಉಕ್ಕು ಹಳೆಯ ಕಬ್ಬಿಣದಷ್ಟು ಬಾಗುವ ಜಾತಿಯಲ್ಲ, ಹಾಗಾಗಿ ಕಟ್ಟಡ ಅಗತ್ಯಕ್ಕಿಂತ ಬಿಗಿಯಾಗಿ ಹೊಸ ಬಿರುಕುಗಳಿಗೆ ಎಡೆಯಾಗಿರಬಹುದು ಎಂಬ ಆತಂಕವೂ ಇದೆ. ಕ್ವಾಯರೂ ಟ್ರಾನ್ಸೆಪ್ಟೂ ಒಂದರಿಂದೊಂದು ಬಿಡಿಸಿಕೊಳ್ಳುತ್ತಿರುವ ಲಕ್ಷಣ ಕಂಡು 1990ರ ದಶಕದಲ್ಲಿ ಟ್ರಾನ್ಸೆಪ್ಟಿನ ಒಳಗೆ ದೊಡ್ಡ ಊರೆಗಳನ್ನು ಕೊಡಬೇಕಾಯಿತು. ತಾತ್ಕಾಲಿಕ ಎಂದು ಕೊಟ್ಟದ್ದು.

ಸರಳುಗಳು ಯಾವ ಕಾಲದವು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಈ ಶತಮಾನದಲ್ಲಿ. ಕಬ್ಬಿಣಕ್ಕೆ ವಯಸ್ಸು ಹೇಳುವುದು ಹೇಗೆ? ಮಧ್ಯಯುಗದಲ್ಲಿ ಅದಿರನ್ನು ಕರಗಿಸುತ್ತಿದ್ದದ್ದು ಮರದ ಇದ್ದಿಲಿನಿಂದ. ಆ ಇದ್ದಿಲಿನ ಇಂಗಾಲ ಒಂದಿಷ್ಟು ಲೋಹದ ಒಳಗೆ ಸೇರಿ ಅಲ್ಲೇ ಉಳಿದುಬಿಡುತ್ತದೆ. ಮರ ಕಡಿದ ಕಾಲವನ್ನು ಆ ಇಂಗಾಲವೇ ಹೇಳುತ್ತದೆ. ಮೂಳೆ, ಬಟ್ಟೆಗಳ ಕಾಲ ಹೇಳುವ ಅದೇ ರೇಡಿಯೋಕಾರ್ಬನ್ ವಿಧಾನ. ಫ್ರೆಂಚ್ ಸಂಶೋಧಕರು ಬೊವೇಯ ಹಳೆಯ ಸರಳುಗಳಿಂದ ಚೂರು ತೆಗೆದು ಹೀಗೆ ಪರೀಕ್ಷಿಸಿದಾಗ, ಅವುಗಳಲ್ಲಿ ಕೆಲವು 13ನೇ ಶತಮಾನದ ಮೊದಲ ನಿರ್ಮಾಣದ ಕಾಲದವೇ ಎಂದು ತಿಳಿಯಿತು. ಹೆಸರು ಉಳಿಯದ ಆ ಮೇಸ್ತ್ರಿಗಳು ಕಲ್ಲಿನಿಂದ ಆಗದ ಎಳೆತದ ಕೆಲಸವನ್ನು ಮೊದಲಿನಿಂದಲೇ ಕಬ್ಬಿಣಕ್ಕೆ ಒಪ್ಪಿಸಿದ್ದರು.